ನ್ಯೂಜಿಲೆಂಡಿನ ಪಾಸಂ ಉಣ್ಣಿ ಗ್ಲೌಸ್: ಬೀದರ ಥಂಡಿಯಾಗ ಎರಡು ತಿಂಗಳು ಹಾಕ್ಕೊಂಡು ನೋಡಿದ್ಮ್ಯಾಲ

ಬೀದರದಾಗ ಉಣ್ಣಿ ಗ್ಲೌಸ್ ಯಾಕ ಬೇಕು ಅಂತ ನಗೋರು ಒಂದ್ಸಲ ಜನವರಿಯಾಗ ಮುಂಜಾನಿ ಆರಕ್ಕ ಬೈಕ್ ತಗೊಂಡು ಔರಾದ ರೋಡಿಗಿ ಬರ್ರಿ, ಆಮ್ಯಾಲ ಮಾತಾಡೋಣು. ನಮ್ಮ ಕಡಿ ಅಂದ್ರ ಬರೇ ಬಿಸಲು, ಧೂಳ, ತೊಗರಿ ಅಂತ ತಿಳ್ಕೊಂಡಾರ ಮಂದಿ. ಸಮುದ್ರಕ್ಕಿಂತ 2,000 ಅಡಿ ಮ್ಯಾಲ ಬಟಾ ಬಯಲಾಗ ಕುಂತ ಊರ್ರೀ ಇದು, ಗಾಳಿಗಿ ಅಡ್ಡ ಏನೂ ಇಲ್ಲ, ಥಂಡಿ ಸೀಜನ್ನಿಗಿ ರಾಜ್ಯದಾಗ ಎಲ್ಲಕ್ಕಿಂತ ಕಮ್ಮಿ ಟೆಂಪರೇಚರ್ ಅಂತ ಪೇಪರ್‌ನಾಗ ಬೀದರ ಹೆಸರು ಭಾಳ ಸಲ ಬರ್ತದ. ನಾನು ಸಾಲಿ ಮಾಸ್ತರ. ಮನಿ ಬೀದರದಾಗ, ಸಾಲಿ ಸಂತಪುರ ದಾಟಿ ಒಂದು ಹಳ್ಳಿಯಾಗ. ಶನಿವಾರ ಮುಂಜಾನಿ ಸಾಲಿ ಇರ್ತದ ಅಂದ್ಮ್ಯಾಲ ಕತ್ತಲದಾಗೇ ಗಾಡಿ ಕಿಕ್ ಹೊಡೀಬೇಕು, ಕೌಠಾ ಕಡಿ ಮಾಂಜ್ರಾ ಬ್ರಿಜ್ ಬಂತಂದ್ರ ನೀರಿನ ಮ್ಯಾಲಿಂದ ಬರೋ ಗಾಳಿಗಿ ಬೆರಳು ಎಲ್ಲವ ಅಂತನೇ ಗೊತ್ತಾಗಲ್ಲ, ಕ್ಲಚ್ ಹಿಡದೀನೋ ಬಿಟ್ಟೀನೋ ಕಣ್ಣಲಿಂದ ನೋಡೇ ತಿಳ್ಕೋಬೇಕು.

ಪ್ರತಿ ವರ್ಷ ರೋಡ್ ಬಾಜೂಕ ಸ್ವೆಟರ್ ರಾಶಿ ಹಾಕ್ಕೊಂಡು ಕುಂಡ್ರತಾರಲ್ಲ, ಅವ್ರ ಹತ್ರ 150 ರೂಪಾಯಿದು ತಗೋತಿದ್ದೆ. ಅದು ಗ್ಲೌಸ್ ಅಲ್ರೀ, ಪ್ಲಾಸ್ಟಿಕ್ ದಾರದ ಜಾಳಿಗಿ. ಒಂದು ತಿಂಗಳಿಗಿ ಹೆಬ್ಬೆರಳು ಹೊರಗ ಬಂದು ರಾಮ್ ರಾಮ್ ಅಂತಿತ್ತು.

ಈ ಸಲ ದೀಪಾವಳಿಗಿ ನಮ್ಮ ಅಕ್ಕನ ಮಗ ಬಂದಿದ್ದ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಹತ್ರ ಡೈರಿ ಫಾರ್ಮಿನಾಗ ಕೆಲಸ ಮಾಡ್ತಾನ. ಬ್ಯಾಗ್‌ಲಿಂದ ಒಂದು ಕಂದು ಬಣ್ಣದ ಗ್ಲೌಸ್ ತಗದು "ಮಾಮಾ, ಇದು ಪಾಸಂದು, ನಿಮಗಂತೇ ತಂದೀನಿ" ಅಂದ. ನಾನು ಪಾಸಂ ಅಂದ್ರ ಕಂಪನಿ ಹೆಸರು ಅಂತ ತಿಳ್ದೆ! ಆಮ್ಯಾಲ ಮೊಬೈಲ್‌ನಾಗ ಫೋಟೋ ತೋರಿಸ್ದ. ಬೆಕ್ಕಿನಷ್ಟು ದೊಡ್ಡದು, ಮುಖ ಸಣ್ಣ ನರಿದು ಇದ್ದಂಗ, ಕಿವಿ ಉದ್ದ, ಮೂಗು ಗುಲಾಬಿ, ಬಾಲ ಬಾಟಲಿ ತೊಳಿಯೋ ಬ್ರಶ್ ಹಂಗ ತುಂಬಾ ಕೂದಲು. ಆ ಬಾಲಲಿಂದ ಟೊಂಗಿ ಹಿಡ್ಕೋತದಂತ. ಕಾಂಗರೂ ಹಂಗ ಹೊಟ್ಟಿಮ್ಯಾಲ ಚೀಲ ಇರೋ ಜಾತಿ, ಇಂಥ ಪ್ರಾಣಿ ನಮ್ಮ ದೇಶದ ಕಾಡಿನಾಗ ಒಂದೂ ಇಲ್ಲ, ಅದಕ್ಕೇ ನಮ್ಮ ಭಾಷಾದಾಗ ಹೆಸರಿಲ್ಲ, ಪಾಸಂ ಅಂತನೇ ಬರೀತೀನಿ.

ಚೀಟಿ ಮ್ಯಾಲ ಬರದಿದ್ದು: ಮೆರಿನೋ ಕುರಿ ಉಣ್ಣಿ 50, ಪಾಸಂ ಕೂದಲು 40, ರೇಷ್ಮಿ 10 ಪರ್ಸೆಂಟ್. ರೇಟು 45 ಡಾಲರ್, ಅಲ್ಲಿಯ ಡಾಲರ್, ನಮ್ಮ ರೊಕ್ಕದಾಗ 2,200ರ ಮ್ಯಾಲೇ ಬೀಳ್ತದ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರ ಹೊಲಿಗಿ ಬಗ್ಗೆ ನಂದೊಂದು ತಕರಾರದ, ಮುಂದ ಹೇಳ್ತೀನಿ.

ಮೊದ್ಲು ಬೆಚ್ಚಗಿನ ಲೆಕ್ಕ. ಮೊದ್ಲನೇ ದಿನ ಕೈಗಿ ಹಾಕ್ಕೊಂಡಾಗ ನಂಬಿಕಿ ಬರ್ಲಿಲ್ಲ, ಅಷ್ಟು ಹಗುರ ಅದ, ಕೈಯಾಗ ಏನೂ ಇಲ್ಲ ಅನಸ್ತದ, ಮೊಲದ ಮರಿ ಮುಟ್ಟಿದಂಗ ಮೆತ್ತಗ. ಇದೇನು ಗಾಳಿ ತಡೀತದ ಅಂತ ಅಂದ್ಕೊಂಡೇ ಹೊಂಟೆ, ಮೊಬೈಲ್‌ನಾಗ 9 ಡಿಗ್ರಿ ತೋರಿಸ್ತಿತ್ತು. ಬ್ರಿಜ್ ದಾಟಿ ಸಂತಪುರದಾಗ ಚಾಕ್ಕ ನಿಂತಾಗ ನೋಡ್ತೀನಿ, ಮೂಗು ಕಿವಿ ಎಲ್ಲ ಮರಗಟ್ಟ್ಯಾವ, ಬೆರಳು ಮಾತ್ರ ಮನಿಯಾಗ ದುಪ್ಪಡಿಯೊಳಗ ಇದ್ದಂಗ ಬೆಚ್ಚಗ. ಚಾ ಗ್ಲಾಸ್ ಹಿಡ್ಕೊಂಡು ಕೈ ಕಾಯಿಸ್ಕೊಳ್ಳೋ ಸುಖನೇ ಹೋಯ್ತು ಅನ್ನೋದು ಬ್ಯಾರೆ ಮಾತು. ಅಳಿಯನ ಪ್ರಕಾರ ಪಾಸಂ ಕೂದಲು ಒಳಗ ಟೊಳ್ಳು, ಅದ್ರಾಗ ಗಾಳಿ ನಿಂತಿರ್ತದ, ನಿಂತ ಗಾಳಿ ಶಾಖ ಹೊರಗ ಬಿಡಲ್ಲ, ಥರ್ಮಸ್ ಇದ್ದಂಗ. ಮಾಸ್ತರಗೇ ಪಾಠ ಹೇಳ್ದ ಅವ.

ಆದ್ರ ಬೈಕಿಗಿ ಒಂದು ಸಮಸ್ಯಾ ಅದ. ಅಂಗೈ ಜಾರ್ತದ. ಹ್ಯಾಂಡಲ್ ರಬ್ಬರ್ ಮ್ಯಾಲ ಹಿಡತ ಸಿಗಲ್ಲ, ಅದ್ರಾಗೂ ಮಂಜು ಬಿದ್ದು ಗ್ರಿಪ್ ಹಸಿ ಆಗಿತ್ತಂದ್ರ ಎಕ್ಸಲೇಟರ್ ತಿರುವೋದು ಕಷ್ಟ. ಚಮಡಿ ಹಚ್ಚಿದ್ದು ಸಿಗ್ತದಂತ, ನನ್ನದಕ್ಕಿಲ್ಲ. ಮ್ಯಾಲ ಟ್ರಕ್ಕಿನ ಹಿಂದ ಜೋರ್ ಹೋದಾಗ ಗಾಳಿ ಹೆಣಿಕಿ ಸಂದಿಲಿಂದ ಒಳಗ ನುಗ್ತದ, 40 ಸ್ಪೀಡ್ ತನಕ ಭಾರಿ ಅದ, 60 ದಾಟಿತಂದ್ರ ಸಾಲಲ್ಲ. ನಾನೀಗ ಇದ್ರ ಮ್ಯಾಲ ಅದೇ 150 ರೂಪಾಯಿ ಗ್ಲೌಸ್ ಹಾಕ್ತೀನಿ, ಜೋಡಿ ಮಸ್ತ್ ಕೆಲಸ ಮಾಡ್ತದ. ಮಂಜು ಸ್ವಲ್ಪ ಹಿಡದ್ರ ಏನಾಗಲ್ಲ, ಒಳಗ ಬೆಚ್ಚಗೇ ಇರ್ತದ, ಆದ್ರ ಪೂರಾ ತೋಯ್ದ್ರ ಒಣಗಕ್ಕ ಒಂದೂವರೆ ದಿನ ಬೇಕು.

ಸಾಲಿಯಾಗ ಹುಡ್ರು ಕೈ ಮುಟ್ಟಿ ಮುಟ್ಟಿ ನೋಡಿ "ಸರ್ ಇದು ಬೆಕ್ಕಾ, ಇಲೀನಾ, ಮಂಗ್ಯಾನಾ" ಅಂತ ಒಂದೇ ಗದ್ದಲ. ಅವತ್ತು ವಿಜ್ಞಾನ ಪಿರಿಯಡ್ ಪೂರಾ ಪಾಸಂಗೇ ಹೋಯ್ತು. ಒಬ್ಬ ಹುಡುಗ ಮೊಬೈಲ್‌ನಾಗ ಸತ್ತಂಗ ನಾಟಕ ಮಾಡೋ ಪಾಸಂ ವಿಡಿಯೋ ನೋಡಿದ್ದ, ಅದು ಇದಾ ಅಂದ. ಅಲ್ಲ. ಸತ್ತಂಗ ಬೀಳೋದು ಅಮೆರಿಕಾದ ಒಪಾಸಂ. 1770ರಾಗ ಕ್ಯಾಪ್ಟನ್ ಕುಕ್‌ನ ಹಡಗಿನಾಗ ಆಸ್ಟ್ರೇಲಿಯಾಕ್ಕ ಹೋದ ಜೋಸೆಫ್ ಬ್ಯಾಂಕ್ಸ್ ಅಲ್ಲಿಯ ಪ್ರಾಣಿ ನೋಡಿ ಒಪಾಸಂ ಜಾತಿದು ಅಂತ ಬರಕೊಂಡ, ಹೆಸರು ಹಂಗೇ ಅಂಟ್ಕೊಂಡು ಪಾಸಂ ಆಯ್ತು. ಎರಡಕ್ಕೂ ಚೀಲ ಅದ, ಬಳಗ ಬ್ಯಾರೆ ಬ್ಯಾರೆ.

ಈ ಗ್ಲೌಸಿನ ಪಾಸಂ ಹುಟ್ಟೂರು ಆಸ್ಟ್ರೇಲಿಯಾ. ಹಗಲೆಲ್ಲ ಗಿಡದ ಪೊಟರಿಯಾಗ ಮಲಗೋದು, ಪೊಟರಿ ಸಿಗಲಿಲ್ಲಂದ್ರ ಮನಿ ಅಟ್ಟ, ರಾತ್ರಿ ಎದ್ದು ಒಂದೇ ಅಡ್ಡಾಡೋದು. ಗುಂಪು ಕಟ್ಟಲ್ಲ, ಎದಿ ಮ್ಯಾಲ ಒಂದು ಗ್ರಂಥಿ ಇರ್ತದ ಅದ್ನ ಟೊಂಗಿಗಿ ತಿಕ್ಕಿ ತಿಕ್ಕಿ ಇದು ನನ್ನ ಜಾಗಾ ಅಂತ ವಾಸನಿ ಹಚ್ಚಿ ಇಡ್ತದ, ರಾತ್ರಿ ಗೊರ್ ಗೊರ್ ಅಂತ ಚೀರ್ತದ, ಅಳಿಯ ಹೇಳೋ ಪ್ರಕಾರ ಮೊದ್ಲನೇ ಸಲ ಕೇಳಿದಾಗ ಯಾರೋ ಮುದುಕನ ಕುತ್ತಿಗಿ ಹಿಚುಕ್ಲತ್ತಾರ ಅಂತ ಟಾರ್ಚ್ ತಗೊಂಡು ಹೊರಗ ಓಡಿದ್ನಂತ. ಮರಿ ವರ್ಷಕ್ಕ ಒಂದೇ, ಕೆಲವೊಮ್ಮಿ ಎರಡು. ಬಸಿರು ಬರೇ 17–18 ದಿನ! ಅವರಿಕಾಳಿನಷ್ಟು ಮರಿ ತಾನೇ ತೆವಳ್ಕೊಂಡು ಚೀಲಿನಾಗ ಹೋಗಿ ನಾಕೈದು ತಿಂಗಳು ಅಲ್ಲೇ ಹಾಲು ಕುಡ್ಕೋತ ಬೆಳೀತದ, ಆಮ್ಯಾಲ ತಾಯಿ ಬೆನ್ನು ಹತ್ತಿ ಸವಾರಿ.

ಆಸ್ಟ್ರೇಲಿಯಾದಾಗ ಇದ್ಕ ಕಾನೂನಿನ ರಕ್ಷಣಾ ಅದ, ಪರ್ಮಿಟ್ ಇಲ್ದೆ ಮುಟ್ಟಂಗಿಲ್ಲ. ಅಲ್ಲಿಯ ನಡು ನಾಡಿನ ಒಣ ಪ್ರದೇಶದಾಗಂತೂ ಭಾಳ ಕಮ್ಮಿ ಆಗಿ ಹೋಗ್ಯಾವ. ಅದೇ ಪ್ರಾಣಿ ಸಮುದ್ರ ದಾಟಿ ನ್ಯೂಜಿಲೆಂಡಿಗಿ ಬಂದ್ರ ನಂಬರ್ ಒನ್ ವೈರಿ. ಚಂದ ಇದ್ದಿದ್ದು ಇದೇ ಭಾಗ ನೋಡ್ರಿ, ಗ್ಲೌಸ್ ಚೀಟಿ ಹಿಂದ "ಇದನ್ನು ಕೊಂಡು ನೀವು ಕಾಡು ಉಳಿಸಿದ್ದೀರಿ" ಅನ್ನೋ ಅರ್ಥದ ಮಾತು ಬರದಾರ. ನಾನು ಉಳಿಸಿದ್ನಾ? ಔರಾದ ರೋಡಿನಾಗ ಕುಂತು? ಇದೇ ತಲಿಯಾಗ ಕೊರೀಲಕ್ಕ ಹತ್ತಿತು, ಎರಡು ವಾರ ರಾತ್ರಿ ಅದ್ನೇ ಓದ್ಕೋತ ಕುಂತೆ, ನಮ್ಮಾಕಿ "ಗ್ಲೌಸ್ ಹಾಕ್ಕೋಳೋದ್ಕೂ ಪರೀಕ್ಷಾ ಬರೀಬೇಕೇನ್ರೀ" ಅಂತ ಕೇಳಿದ್ಳು.

ನ್ಯೂಜಿಲೆಂಡಿನಾಗ ನೆಲದ ಮ್ಯಾಲ ಅಡ್ಡಾಡೋ, ಹಾಲು ಕುಡಿಸೋ ಪ್ರಾಣಿ ಮೊದ್ಲಿಂದ ಬಾವಲಿ ಬಿಟ್ರ ಒಂದೂ ಇರಲಿಲ್ಲ. ಬರೇ ಹಕ್ಕಿಗಳ ರಾಜ್ಯ. ಬ್ರಿಟಿಷರು ಅಲ್ಲಿ ಮನಿ ಮಾಡಿದ್ಮ್ಯಾಲ ಈ ಕೂದಲಿನ ವ್ಯಾಪಾರ ಮಾಡೋಣು ಅಂತ 1837ರಾಗ ಪಾಸಂ ತಂದು ಬಿಟ್ರು, ಆ ಸಲ ಉಳೀಲಿಲ್ಲ, ಅಲ್ಲಿಗಾದ್ರೂ ಬಿಡಬೇಕಲ್ಲ, 1858ರಾಗ ಮತ್ತ ತಂದ್ರು, ಈ ಸಲ ನಿಂತವು. ಮೊದ್ಲು ಎಷ್ಟೋ ವರ್ಷ ಅವನ್ನ ಕೊಲ್ಲಬ್ಯಾಡ್ರಿ ಅಂತ ಕಾನೂನೇ ಇತ್ತು ಅಲ್ಲಿ. 1940ರ ದಶಕದಾಗ ಕಣ್ಣು ತೆರೀತು, ರಕ್ಷಣಾ ತಗದ್ರು, 1951ಲಿಂದ ಒಂದು ಪಾಸಂ ಹೊಡದು ತಂದ್ರ ಇಷ್ಟು ಅಂತ ಸರ್ಕಾರನೇ ರೊಕ್ಕ ಕೊಡ್ಲಕ್ಕ ಶುರು ಮಾಡ್ತು. ಆಗ ಏನಾಯ್ತಂದ್ರ ಬ್ಯಾಟಿಯವ್ರು ರೋಡಿನ ಬಾಜೂಕ, ಹೊಲದ ಬದುವಿಗಿ ಸಿಗೋವ್ನೇ ಹೊಡದು ರೊಕ್ಕ ಎಣಿಸ್ಕೊಂಡ್ರು, ದೂರದ ಗುಡ್ಡದ ಕಾಡಿಗಿ ಯಾರು ಹತ್ತಿ ಹೋಗ್ತಾರ, ಒಳಗಿನವು ಒಳಗೇ ಹುಲುಸಾಗಿ ಬೆಳದ್ವು. ಹತ್ತು ವರ್ಷಕ್ಕ ಆ ಯೋಜನಾ ಬಂದ್ ಆಯ್ತು. 1980ರ ದಶಕದ ಹೊತ್ತಿಗಿ 5ಲಿಂದ 7 ಕೋಟಿ ಪಾಸಂ ಇದ್ವು ಅಂತ ಅಂದಾಜು ಮಾಡ್ಯಾರ, ಆಮ್ಯಾಲಿನ ಅಂದಾಜು 3 ಕೋಟಿ. ಆ ದೇಶದ ಮಂದಿ ಎಷ್ಟು ಗೊತ್ತೇನ್ರಿ, ಈಗ ಸುಮಾರು 50 ಲಕ್ಷ!

ತಿನ್ನೋದು ಎಲಿ. ಎಲಿ, ಚಿಗುರು, ಮೊಗ್ಗು, ಹೂ, ಹಣ್ಣು. ನಮ್ಮಲ್ಲಿ ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಪಾಸಂ ಆಡಿಗಿ ಉಲ್ಟಾ. ಎಲ್ಲಾ ಗಿಡಕ್ಕೂ ಒಂದೊಂದು ಬಾಯಿ ಹಾಕಿ ಮುಂದ ಹೋದ್ರ ಕಾಡು ಹೆಂಗೋ ತಡ್ಕೋತಿತ್ತು, ಇದು ರುಚಿ ಹತ್ತಿದ ಒಂದೇ ಗಿಡಕ್ಕ ದಿನಾ ರಾತ್ರಿ ಬರ್ತದ, ಮೊದ್ಲಿಗಿ ಚಿಗುರು, ಆಮ್ಯಾಲ ಬಲತ ಎಲಿ, ಬೋಳ ಆಗಿ ಒಣಗೋ ತನಕ ಬಿಡಲ್ಲ, ಒಣಗ್ತಂದ್ರ ಬಾಜೂದ್ಕ ಹೋಗ್ತದ. ರಾಟಾ, ಕಾಮಾಹಿ, ಕ್ರಿಸ್ಮಸ್ ಹೊತ್ತಿಗಿ ನಮ್ಮ ಮುತ್ತುಗದ ಹಂಗ ಕೆಂಪಗ ಹೂ ಬಿಡೋ ಪೊಹುಟುಕಾವಾ, ಇವೆಲ್ಲ ಅದ್ರ ಪಾಲಿಗಿ ಹಬ್ಬದ ಅಡಗಿ. ಆಸ್ಟ್ರೇಲಿಯಾದಾಗ ಯಾಕ ಹಿಂಗ ಆಗಲ್ಲಂದ್ರ ಅಲ್ಲಿಯ ನೀಲಗಿರಿ ಜಾತಿ ಗಿಡದ ಎಲಿಯಾಗ ವಿಷ ಇರ್ತದ, ಒಂದೇ ಗಿಡದ್ದು ಹೊಟ್ಟಿತುಂಬ ತಿಂದ್ರ ಅದ್ಕೇ ತ್ರಾಸು. ಡಿಂಗೋ ನಾಯಿ ಅದ, ಕಾಡಿಗಿ ಬೀಳೋ ಬೆಂಕಿ ಅದ. ಇತ್ತ ನ್ಯೂಜಿಲೆಂಡಿನ ಗಿಡಗಳು ಪಾಸಂ ಮುಖನೇ ನೋಡದೆ ಬೆಳದಂಥವು, ಎಲಿಯಾಗ ಅಂಥ ರಕ್ಷಣಾ ಕಮ್ಮಿ, ಬ್ಯಾಟಿ ಆಡೋ ಪ್ರಾಣಿನೂ ಇಲ್ಲ.

ಅದ್ರ ಮ್ಯಾಲ ಭಾಳ ವರ್ಷ ಇದ್ನ ಶುದ್ಧ ಶಾಕಾಹಾರಿ ಅಂತ ತಿಳ್ಕೊಂಡಿದ್ರು. 1993ರಾಗ ಕೋಕಾಕೋ ಅನ್ನೋ ಹಕ್ಕಿ ಗೂಡಿನ ಹತ್ರ ಕ್ಯಾಮೆರಾ ಇಟ್ರ ಪಾಸಂ ಬಂದು ತತ್ತಿನೂ ತಿಂತು, ಮರಿನೂ ತಿಂತು. ಹುಡ್ರಿಗಿ ಇದು ಹೇಳಿದಾಗ ಹಿಂದಿನ ಬೆಂಚಿನವ "ಸರ್, ಊರ ಮುಂದ ಶಾಕಾಹಾರಿ, ಧಾಬಾದಾಗ ಆಮ್ಲೆಟ್" ಅಂದ, ಯಾರ ಬಗ್ಗೆ ಅಂದ ಅಂತ ನಾನು ಕೇಳ್ಲಿಲ್ಲ.

ಅಳಿಯಂದು ಡೈರಿ ಕೆಲಸ ಅಲ್ಲಾ, ಅವ್ನಿಗಿ ಗಿಡಕ್ಕಿಂತ ಆಕಳ ಚಿಂತಿ. ಪಾಸಂಲಿಂದ ದನಕ್ಕ ಟಿಬಿ ಬರ್ತದ. ರೋಗ ಬಲತು ಸಾಯ್ಲಕ್ಕ ಬಂದ ಪಾಸಂ ಹಗಲೊತ್ತಿನಾಗೇ ತೂರಾಡ್ಕೋತ ಹುಲ್ಲುಗಾವಲಿಗಿ ಬರ್ತದಂತ, ಆಕಳಿಗಿ ಹೊಸದೇನು ಕಂಡ್ರೂ ಹೋಗಿ ಮೂಸಿ ನೋಡೋ ಚಟ, ಮೂಸ್ತಾವ ನೆಕ್ತಾವ, ಅಲ್ಲಿಗಿ ಮುಗೀತು. ಟೆಸ್ಟಿನಾಗ ಪಾಸಿಟಿವ್ ಬಂದ ದನ ಕಸಾಯಿಖಾನಿಗೇ. ಹಾಲಿನ ಮ್ಯಾಲೇ ನಿಂತ ದೇಶ ಅದು, ಹಂಗಾಗಿ "ರಾತ್ರಿ ರೋಡಿನಾಗ ಪಾಸಂ ಅಡ್ಡ ಬಂದ್ರ ಅಲ್ಲಿ ಯಾರೂ ಬ್ರೇಕ್ ಹೊಡಿಯಲ್ಲ ಮಾಮಾ" ಅಂದ. ನಮ್ಮವ್ವ ಬಾಗಿಲದಾಗೇ ನಿಂತಿದ್ಳು, ಕೇಳಿಸ್ಕೊಂಡ್ಳು.

ಅವ್ವನ ಜೋಡಿ ಗುದ್ದಾಟ ಅವತ್ತೇ ಶುರು. ಕೊಂದ ಪ್ರಾಣಿ ಕೂದಲು ಮನಿಯಾಗ ಬ್ಯಾಡ, ದೇವರ ಜಗಲಿ ಬಾಜೂಕ ಅಂತೂ ಇಡಬ್ಯಾಡ ಅಂದ್ಳು. ನಿನ್ನ ರೇಷ್ಮಿ ಸೀರಿ ಹುಳ ಕುದಿಸೇ ತಗದದ್ದಲ್ಲೇನವ್ವಾ ಅಂದೆ. "ಅದು ಲಗ್ನದ ಸೀರಿ" ಅಂದ್ಳು. ಇದ್ರ ಮುಂದ ಏನ್ ವಾದ ಮಾಡ್ತೀರಿ. ಗ್ಲೌಸ್ ಈಗ ಬೈಕಿನ ಡಿಕ್ಕಿಯಾಗ ಇರ್ತದ.

ಇದ್ರ ಖರೇ ಪರೀಕ್ಷಾ ಮಾಡಿದವ್ರು ಬ್ಯಾರೆ. ನಮ್ಮ ಸಾಲಿ ಹಳ್ಳಿಯಾಗ ಒಬ್ಬ ಹಾಲುಮತದ ಅಜ್ಜ ಇದ್ದಾರ, ಕುರಿ ಕಾಯ್ಕೋತ ಕೈಯಾಗ ಕದರು ತಿರುವ್ಕೋತ ಕಂಬಳಿ ನೂಲು ತಗೀತಾರ, ಅವ್ರ ಮೊಮ್ಮಗಳು ನನ್ನ ಕ್ಲಾಸಿನಾಗೇ ಅದಾಳ. ಅಜ್ಜಗ ಗ್ಲೌಸ್ ಕೊಟ್ಟೆ, ಏನಂತ ಹೇಳ್ಲಿಲ್ಲ. ಹಿಂದ ಮುಂದ ತಿರುವಿ ನೋಡಿ, ಗಲ್ಲಕ್ಕ ಹಚ್ಕೊಂಡು, ಮ್ಯಾಲಿಂದ ನಾಕು ಕೂದಲು ಚಿವುಟಿ ಬೆರಳಾಗ ಹೊಸದ್ರು. ಜಾರ್ತು. ಮತ್ತ ಹೊಸದ್ರು, ಮತ್ತ ಜಾರ್ತು. "ಇದು ಕುರಿದಲ್ಲ ಮಾಸ್ತರ, ಭಾಳ ನುಣುಪದ, ಗಿಡ್ಡದ, ಇದರದ್ದೊಂದೇ ನೂಲಾಗಂಗಿಲ್ಲ, ಕುರಿ ಉಣ್ಣಿ ಕೂಡಿಸ್ಯಾರ" ಅಂದ್ರು. ಚೀಟಿ ಓದಕ್ಕ ಬರದ ಅಜ್ಜ ಚೀಟಿಯಾಗ ಬರದದ್ದೇ ಹೇಳಿದ್ರು ನೋಡ್ರಿ! ಪಾಸಂ ಕೂದಲು ಖರೇನೇ ಒಂಟಿಯಾಗಿ ನೂಲಕ್ಕ ಬರಲ್ಲ, ಅದಕ್ಕೇ ಮೆರಿನೋ ಬೆರಸ್ತಾರ. ಆಮ್ಯಾಲ ಅಜ್ಜ ಕೇಳಿದ್ರು, "ಕತ್ತರಿಸ್ತಾರೋ, ಕೊಂದು ತಗೀತಾರೋ?"

ಕೊಂದು ತಗೀತಾರ್ರೀ. ಕುರಿ ಉಣ್ಣಿ ಕತ್ತರಿಸಿದ್ರ ಕುರಿ ಎದ್ದು ಮೇಯಕ್ಕ ಹೋಗ್ತದ, ಇದ್ಕ ಆ ಭಾಗ್ಯ ಇಲ್ಲ. ಬೋನಿನಾಗ ಬಿದ್ದದ್ದೋ ಸೈನೈಡ್ ತಿಂದದ್ದೋ, ಮೈ ಇನ್ನಾ ಬಿಸಿ ಇದ್ದಾಗೇ ಕೂದಲು ಕಿತ್ತಬೇಕು, ತಣ್ಣಗಾತಂದ್ರ ಬರಲ್ಲ. ಚೀಟಿ ಮ್ಯಾಲಿನ ಮಾತು ಇಲ್ಲೇ ಸಡಿಲ ಆಗೋದು. ಯಾಕಂದ್ರ ಅಲ್ಲಿ ದೊಡ್ಡ ಕಾಡಿನಾಗ ಪಾಸಂ ಕಮ್ಮಿ ಮಾಡೋದು ಹೆಲಿಕಾಪ್ಟರ್‌ಲಿಂದ ಉದುರಿಸೋ 1080 ಅನ್ನೋ ವಿಷದ ಕಾಳು, ಹಂಗ ಸತ್ತವು ಕಾಡಿನಾಗ ಎಲ್ಲೋ ಬಿದ್ದಿರ್ತಾವ, ಅವುಗಳ ಕೂದಲು ಯಾರ ಗ್ಲೌಸಿಗೂ ಬರಲ್ಲ. ಆ ವಿಷದ ಬಗ್ಗೆ ಅಲ್ಲಿನೂ ದೊಡ್ಡ ಜಗಳ ಅದ, ನಾಯಿ ತಿಂದ್ರ ನಾಯಿನೂ ಹೋಗ್ತದ. ನನ್ನ ಗ್ಲೌಸಿಗಿ ಬಂದ ಪಾಸಂ ಅಂದ್ರ ಯಾರೋ ಒಬ್ಬ ಗಾಡಿ ತಗೊಂಡು ಹೋಗಿ ದಿನಾ ನೋಡಿ ಬರೋ ಅಂಥ ಜಾಗಾದ್ದು. 1951ರ ಕಥಿನೇ ಮತ್ತ. ಇಳಿಜಾರಿನ ದೂರದ ಕಾಡಿನಾಗ ರಾಟಾ ಗಿಡ ಬೋಳ ಮಾಡೋ ಪಾಸಂಗೂ ನನ್ನ 45 ಡಾಲರಿಗೂ ಸಂಬಂಧ ಭಾಳ ಕಮ್ಮಿ. ಮ್ಯಾಲ ಈ ಧಂಧೆ ನಡೀಬೇಕಂದ್ರ ಮುಂದಿನ ವರ್ಷಾನೂ ಪಾಸಂ ಇರ್ಬೇಕಲ್ಲ? ಸರ್ಕಾರ 2016ರಾಗ ಹೇಳಿದ್ದು 2050ರೊಳಗ ಪಾಸಂ, ಇಲಿ, ಸ್ಟೋಟ್ ಅನ್ನೋ ಮುಂಗುಸಿಯಂಥ ಪ್ರಾಣಿ, ಮೂರನ್ನೂ ಪೂರಾ ಇಲ್ಲದಂಗ ಮಾಡ್ತೀವಿ ಅಂತ. ಪೂರಾ ಇಲ್ಲದಂಗ ಆದ್ರ ಗ್ಲೌಸ್ ಅಂಗಡಿಯವ ಏನ್ ಮಾರ್ತಾನ.

ನಮ್ಮ ಕೆರಿ ದಂಡಿಗಿ ಬಳ್ಳಾರಿ ಜಾಲಿ ಅದಲ್ಲಾ, ಹಂಗೇ ಇದೂ. ಉರುವಲಿಗಿ ಆಗ್ತದ, ಬರಡು ನೆಲ ಹಸುರಾಗ್ತದ ಅಂತ ಹೊರಗಿಂದ ತಂದು ಬೀಜ ಹಾಕಿದ್ದು, ಈಗ ಇದ್ದಿಲು ಸುಡೋರು ಕಡೀತಾರ, ಬುಡದ ತನಕ ಕಡದು ಬೇರು ಬಿಡ್ತಾರ, ಮಳಿ ಬಿದ್ರ ಒಂದರ ಜಾಗಾದಾಗ ಹತ್ತು ಚಿಗುರು. ಇದ್ದಿಲು ಮಾರೋದು ತಪ್ಪು ಅಂತ ನಾ ಅನ್ನಲ್ಲ, ಬಡವರ ಹೊಟ್ಟಿ ಅದು. ಇದ್ದಿಲು ಚೀಲದ ಮ್ಯಾಲ "ಕೆರಿ ಉಳಿಸಿದ್ದೀರಿ" ಅಂತ ಬರದ್ರ ಮಾತ್ರ ನಗು ಬರ್ತದ. ಅಜ್ಜಗ ಇಷ್ಟೆಲ್ಲ ಹೇಳಿದ್ಮ್ಯಾಲ ಅವ್ರು ಕೇಳಿದ್ದು ಒಂದೇ, ಕೂದಲು ತಗದ್ಮ್ಯಾಲ ಮಾಂಸ ಏನ್ ಮಾಡ್ತಾರ ಅಂತ. ಭಾಳಷ್ಟು ಅಲ್ಲೇ ಬಿಟ್ಟು ಬರ್ತಾರಂತ ಅಂದೆ, ಅಳಿಯ ಹೇಳಿದ್ದು. ಅಜ್ಜ ಗ್ಲೌಸ್ ವಾಪಸ್ ಕೊಟ್ರು.

ನಾನು ಹಾಕ್ಕೋಳೋದು ಬಿಟ್ನಾ ಅಂದ್ರ ಇಲ್ಲ. ಹೆಂಗಿದ್ರೂ ಕೊಲ್ಲೋ ಪ್ರಾಣಿ, ಕೂದಲು ಮಣ್ಣಾಗ ಹೋಗೋದ್ಕಿಂತ ಕೈಗಿ ಬಂದ್ರ ಛೊಲೋ ಅಂತ ನನ್ನ ಲೆಕ್ಕ. ಬೆಚ್ಚಗಿನ ಸಲುವಾಗಿ ತಗೋರಿ, ಪುಣ್ಯದ ಸಲುವಾಗಿ ತಗೋಬ್ಯಾಡ್ರಿ.

ಈಗ ಆ ತಕರಾರು. ಎರಡನೇ ವಾರಕ್ಕೇ ಬಲಗೈ ಹೆಬ್ಬೆರಳ ಬುಡಕ್ಕ ಹೊಲಿಗಿ ಬಿಚ್ಚಿತು, ಅದೂ ಸೆಲ್ಫ್ ಸ್ಟಾರ್ಟ್ ಒತ್ತೋ ಬೆರಳು. 2,200 ರೂಪಾಯಿ ಮಾಲಿಗಿ ಇದು ಬರಬಾರ್ದು. ಅಂಗಡಿಗಿ ಮೇಲ್ ಬರಸ್ದೆ ಅಳಿಯನ ಕಡಿಂದ, ಗ್ಲೌಸ್ ವಾಪಸ್ ಕಳಸ್ರಿ ಬದಲಿ ಕೊಡ್ತೀವಿ ಅಂದ್ರು, ಬೀದರಲಿಂದ ಕಳಸೋ ಖರ್ಚಿನಾಗ ಮೂರು ಚಾದರ ಬರ್ತಾವ. ನಮ್ಮಾಕಿ ಕೌದಿ ಹೊಲಿಯೋ ಸೂಜಿಲಿಂದ ಹೊಲದಾಳ, ಇನ್ನಾತನ ಬಿಚ್ಚಿಲ್ಲ. ಗುಳ್ಳಿ ಏಳೋದು ಮಾತ್ರ ಖರೇನೇ ಕಮ್ಮಿ, ಎರಡು ತಿಂಗಳಾದ್ರೂ ಮ್ಯಾಲ ಉಣ್ಣಿ ಉಂಡಿ ಕಟ್ಟಿಲ್ಲ, ಆದ್ರ ಕಂದು ಕೂದಲು ಉದುರಿ ಬಿಳಿ ಅಂಗಿ ಮ್ಯಾಲ ಅಂಟ್ತದ, ಮನಿಯಾಗ ಬೆಕ್ಕು ಸಾಕೀರೇನ್ರಿ ಅಂತ ಹೆಡ್ ಮಾಸ್ತರ್ ಕೇಳಿದ್ರು.

ತೊಳಿಯೋದು ತಣ್ಣೀರಾಗೇ. ಗೀಜರ್ ನೀರು ಮುಟ್ಟಿಸಬ್ಯಾಡ್ರಿ, ಹಿಂಡಬ್ಯಾಡ್ರಿ, ದಾರದ ಮ್ಯಾಲ ಜೋತು ಹಾಕಬ್ಯಾಡ್ರಿ, ಬೆರಳು ಉದ್ದ ಆಗ್ತಾವ. ಟಾವೆಲ್ ಮ್ಯಾಲ ಹಾಸಿ ನೆರಳಾಗ ಬಿಡ್ರಿ. ಶಿವರಾತ್ರಿ ಆದ್ಮ್ಯಾಲ ಡಾಂಬರಗುಳ್ಳಿ ಹಾಕಿ ಕಟ್ಟಿಡ್ರಿ, ಉಣ್ಣಿ ಅಂದ್ಮ್ಯಾಲ ಹುಳ ಬಿಡಲ್ಲ. ಕಂಬಳಿಗಿ ಹೋಲಿಸ್ರಿ ಅಂತ ಯಾರಾದ್ರೂ ಕೇಳಿದ್ರ, ಹೊಲದಾಗ ರಾತ್ರಿ ನೀರು ಬಿಡಕ್ಕ ಹೋಗೋರಿಗಿ ಇದು ಕೆಲಸಕ್ಕ ಬಾರದು, ಹಸಿ ಮಣ್ಣು, ಮುಳ್ಳು ಒಂದೇ ದಿನಕ್ಕ ಹಾಳು ಮಾಡ್ತಾವ, ಅದಕ್ಕ ನಮ್ಮ ಅಜ್ಜನ ಕರಿ ಕಂಬಳಿನೇ ಬೇಕು, ಚುಚ್ಚಲಿ ಬಿಡಲಿ, ಮಳಿ ಥಂಡಿ ಎರಡೂ ತಡೀತದ, ಹಾಸ್ಕೊಳ್ಳಕ್ಕೂ ಆಗ್ತದ. ಮುಂಜಾನಿ ವಾಕಿಂಗ್ ಹೋಗೋರು, ಆಫೀಸಿಗಿ ಸ್ಕೂಟಿ ಮ್ಯಾಲ ಹೋಗೋರು, ಬೆರಳು ಗಂಟು ನೋವಿರೋ ಹಿರಿಯರು ಇವ್ರಿಗಿ ಭಾಳ ಛೊಲೋ.

ಐದಕ್ಕ ಮೂರೂವರೆ ಕೊಡ್ತೀನಿ, ಹೊಲಿಗಿಗಿ ಒಂದು ಕಟ್, ಚೀಟಿಗಿ ಅರ್ಧ. ಸೈಜ್ ಒಂದು ನಂಬರ್ ದೊಡ್ಡದೇ ತರಸ್ರಿ, ಒಂದ್ಸಲ ತೊಳದ್ಮ್ಯಾಲ ಸ್ವಲ್ಪ ಕುಗ್ತದ. ಮಾಸ್ತರಕಿ ಮಾಡೋರಿದ್ರ ಕರಿ ಬಣ್ಣದ್ದು ಬ್ಯಾಡ್ರಿ, ಚಾಕ್‌ಪೀಸ್ ಪುಡಿ ಹತ್ತಿದ್ರ ಜಾಡಿಸಿದ್ರೂ ಹೋಗಲ್ಲ.